ಭಾನುವಾರ ಶಾಲೆ

2019ರ ಜುಲೈಯಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಐವತ್ತು ವರ್ಷ ತುಂಬಿದ ಸಂದರ್ಭಕ್ಕೆಂದು, ನಾನು ಉಪಸಂಪಾದಕನಾಗಿದ್ದ ಪತ್ರಿಕೆಯಲ್ಲಿ 1960ರ ದಶಕದ ಬಗ್ಗೆ ಒಂದು ಪೂರ್ಣ ಪುಟ ಮಾಡಬೇಕೆಂದು ತೀರ್ಮಾನವಾಯಿತು. ಎಡಗಡೆ ವರ್ಷವಾರು ಜಗತ್ತಿನ ಘಟನೆಗಳು, ಬಲಗಡೆ ಹುಟ್ಟಿದವರು ಮತ್ತು ತೀರಿಕೊಂಡವರು, ಅಡಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ನೆನಪಿನ ಬರಹ. ಪುಟದ ನಕ್ಷೆ, ಅಂದರೆ ಡಮ್ಮಿ, ನನ್ನ ಕೈಗೆ ಬಂದದ್ದು ಮಧ್ಯಾಹ್ನ ಮೂರಕ್ಕೆ. ದೂರದ ಊರುಗಳಿಗಾಗಿ ಮೊದಲು ಅಚ್ಚಾಗುವ ಡಾಕ್ ಎಡಿಷನ್ನಿಗೆ ಪುಟ ಬಿಡಬೇಕಾದದ್ದು ರಾತ್ರಿ ಒಂಬತ್ತೂ ಮುಕ್ಕಾಲಿಗೆ. ಇಂಥ ಪುಟಗಳನ್ನು ಒಂದು ವಾರ ಮೊದಲೇ ಕೊಡಿ ಎಂದು ಎಷ್ಟು ಸಭೆಗಳಲ್ಲಿ ಕೇಳಿದ್ದೇವೆಯೋ ಲೆಕ್ಕವಿಲ್ಲ.

ಸಾವಿನ ಪಟ್ಟಿ ಬೇಗನೆ ತುಂಬಿತು. 1961ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹ್ಯಾಮರ್‌ಶೋಲ್ಡ್, 1964ರ ಮೇ 27ರಂದು ನೆಹರೂ, 1965ರ ಜನವರಿ 24ರಂದು ಚರ್ಚಿಲ್, ಮರುವರ್ಷ ಅದೇ ತಾರೀಖಿನಂದು ಮೋಂ ಬ್ಲಾಂ ಪರ್ವತಕ್ಕೆ ಅಪ್ಪಳಿಸಿದ ಏರ್ ಇಂಡಿಯಾ ವಿಮಾನದಲ್ಲಿದ್ದ ಹೋಮಿ ಭಾಭಾ. ಜನನದ ಪಟ್ಟಿ ಮಾತ್ರ ಹಿಂದಿರುಗಿ ನೋಡಿದಾಗಲಷ್ಟೇ ಕಾಣುವಂಥದ್ದು. 1961ರ ಆಗಸ್ಟ್ 4ರಂದು ಹುಟ್ಟಿದ ಒಬಾಮ ಅವರ ಸುದ್ದಿಯನ್ನು ಹೊನೊಲುಲುವಿನ ಪತ್ರಿಕೆಗಳು ಮಗುವಿನ ಹೆಸರೂ ಇಲ್ಲದೆ, ಇಂಥ ದಂಪತಿಗೆ ಗಂಡು ಮಗು ಎಂಬ ಒಂದು ಸಾಲಿನಲ್ಲಿ ಮುಗಿಸಿದ್ದವು. ಇವೆಲ್ಲವನ್ನೂ ನಾನು ಎರಡೆರಡು ಸಲ ನೋಡಿ ಹಾಕಿದೆ, ಅಲ್ಲಿ ತಪ್ಪಾಗಲಿಲ್ಲ.

ಒಂಬತ್ತೂ ಇಪ್ಪತ್ತಕ್ಕೆ ಪ್ರಿಂಟ್‌ಔಟ್ ತೆಗೆಸಿ ಓದುತ್ತ ಕುಳಿತಾಗ ಅಡಿಯ ಬರಹದ ಒಂದು ವಾಕ್ಯದ ಮೇಲೆ ಕಣ್ಣು ನಿಂತಿತು. 'ಸೋಮವಾರ ಬೆಳಿಗ್ಗೆ ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಿದ್ದ ನನ್ನನ್ನು ಅಪ್ಪ ತಡೆದು, ಶಾನುಭೋಗರ ಮನೆಯ ಜಗುಲಿಯಲ್ಲಿ ರೇಡಿಯೊ ಮುಂದೆ ಕೂರಿಸಿದರು. ದೊಡ್ಡವರು ಮೊನ್ನೆ ಸರ್ಕಾರ ಬ್ಯಾಂಕುಗಳನ್ನು ತೆಗೆದುಕೊಂಡ ಮಾತು ನಿಲ್ಲಿಸಿ ಚಂದ್ರನ ಮಾತಿಗೆ ಕಿವಿಗೊಟ್ಟರು' ಎಂದು ಹಿರಿಯರು ಬರೆದಿದ್ದರು. ಮೇಲಿನ ಬಾಕ್ಸಿನಲ್ಲಿ ನಾನೇ ದಪ್ಪಕ್ಷರದಲ್ಲಿ 'ಜುಲೈ 20, 1969' ಎಂದು ಕೂರಿಸಿದ್ದೆ. ಮೊಬೈಲಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದರೆ 20 ಭಾನುವಾರ. ಒಂದೇ ಪುಟದಲ್ಲಿ ಎರಡು ದಿನ ಇರಕೂಡದು, ಐವತ್ತು ವರ್ಷದ ಹಿಂದಿನ ನೆನಪು ಸ್ವಲ್ಪ ಜಾರಿರಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಹಿರಿಯರಿಗೆ ಫೋನ್ ಮಾಡಬಹುದಿತ್ತು. ಈ ಹೊತ್ತಿನಲ್ಲಿ ಹಳ್ಳಿಯಲ್ಲಿ ಎಲ್ಲರೂ ಮಲಗಿರುತ್ತಾರೆ ಎಂಬ ನೆಪ ಸುಲಭವಾಗಿ ಸಿಕ್ಕಿತು.

ಪೇಜಿನೇಷನ್ ಹುಡುಗನ ಹಿಂದೆ ನಿಂತು 'ಸೋಮವಾರ' ಹೊಡೆದು 'ಭಾನುವಾರ' ಮಾಡಿಸುತ್ತಿದ್ದಾಗ, ಪಕ್ಕದಲ್ಲಿದ್ದ ಟ್ರೈನಿ ಹುಡುಗಿ, "ಸರ್, ಆ ಇಪ್ಪತ್ತು ಅಲ್ಲಿನ ತಾರೀಖೋ ನಮ್ಮದೋ?" ಎಂದು ಕೇಳಿದಳು. ಗಡಿಯಾರ ಒಂಬತ್ತೂ ನಲವತ್ತೊಂದು ತೋರಿಸುತ್ತಿತ್ತು, ಸಾಫ್ಟ್‌ವೇರ್ ಎರಡನೇ ಸಲ ಅಕ್ಷರಗಳನ್ನು ಚೌಕಳಿ ಮಾಡಿ ಕೂತಿತ್ತು, ಚೀಫ್ ಸಬ್ ಎಡಿಟರ್ ದೂರದಿಂದಲೇ ಕೈ ತಿರುಗಿಸುತ್ತಿದ್ದರು. "ಜಗತ್ತಿಗೆಲ್ಲ ಒಂದೇ ತಾರೀಖು ಕಣಮ್ಮ" ಎಂದೆ. ಪುಟ ಹೋಯಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಹಿರಿಯರ ಫೋನು. ಕೂಗಾಡಿದ್ದರೆ ವಾಸಿಯಿತ್ತು. "ಸ್ವಾಮಿ, ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು ನಾನು. ಭಾನುವಾರ ಪಾಟಿಚೀಲ ಹಿಡಿದು ಶಾಲೆಗೆ ಹೊರಟೆ ಅಂತ ಹಾಕಿದ್ದೀರಿ. ಹೋಟೆಲಿನಲ್ಲಿ ಕೂತವರೆಲ್ಲ ಓದಿ ನಗುತ್ತಿದ್ದಾರೆ" ಎಂದು ತಣ್ಣಗೆ ಹೇಳಿದರು. ವಾಕ್ಯದ ಒಂದು ಪದ ಬದಲಿಸಿ, ಅದರ ಪಕ್ಕದಲ್ಲೇ ಇದ್ದ ಶಾಲೆಯನ್ನು ನಾನು ನೋಡಿಯೇ ಇರಲಿಲ್ಲ. 'ಮೊನ್ನೆ' ಎಂಬ ಪದವೂ ನನ್ನನ್ನು ಕೂಗಿ ಕರೆದಿತ್ತು: ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದದ್ದು ಜುಲೈ 19ರ ಶನಿವಾರ, ಶನಿವಾರ ಮೊನ್ನೆಯಾಗಬೇಕಾದರೆ ಅಂದು ಸೋಮವಾರವೇ ಆಗಿರಬೇಕು.

ಆಫೀಸಿಗೆ ಹೋದವನೇ ಲೈಬ್ರರಿಯಲ್ಲಿ ಹಳೆಯ ಸಂಚಿಕೆಗಳ ಬೈಂಡು ಇಳಿಸಿದೆ. ನೌಕೆ ಇಳಿದದ್ದು ಭಾರತೀಯ ಕಾಲಮಾನದಲ್ಲಿ 21ರ ಸೋಮವಾರ ನಸುಕಿನ 1.47ಕ್ಕೆ, ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಬೆಳಿಗ್ಗೆ 8.26ಕ್ಕೆ. ಅಮೆರಿಕದವರಿಗೆ ಅದು ಇನ್ನೂ ಭಾನುವಾರ ರಾತ್ರಿ. ಟಿವಿ ಆಗ ದೆಹಲಿಯಲ್ಲಿ ಮಾತ್ರ ಇದ್ದುದರಿಂದ ಮೈಸೂರು ರಾಜ್ಯದ ಹಳ್ಳಿಯ ಹುಡುಗನಿಗೆ ಇದ್ದದ್ದು ಶಾನುಭೋಗರ ರೇಡಿಯೊ ಒಂದೇ, ಅದೂ ಸರಿಯಾಗಿ ಶಾಲೆಗೆ ಹೊರಡುವ ಹೊತ್ತಿಗೆ.

ಆಮೇಲೆ ಪುಟದ ಉಳಿದ ಸಾಲುಗಳನ್ನೂ ಅದೇ ಅನುಮಾನದಿಂದ ಓದಿದೆ. ಕೆನಡಿಗೆ ಡಲ್ಲಾಸ್‌ನಲ್ಲಿ ಗುಂಡು ಬಿದ್ದದ್ದು 1963ರ ನವೆಂಬರ್ 22ರ ಮಧ್ಯಾಹ್ನ 12.30ಕ್ಕೆ, ಆಗ ನಮ್ಮಲ್ಲಿ ಸರಿಯಾಗಿ ನಡುರಾತ್ರಿ 12 ಗಂಟೆ. ಅವರು ಸತ್ತರೆಂದು ವೈದ್ಯರು ಹೇಳುವ ಹೊತ್ತಿಗೆ ಇಲ್ಲಿ 23 ಆಗಿ ಅರ್ಧ ಗಂಟೆ ಕಳೆದಿತ್ತು. ಹೊ ಚಿ ಮಿನ್ ಅವರದ್ದಂತೂ ಗಡಿಯಾರದ ಗೊಂದಲವೂ ಅಲ್ಲ: ಅವರು 1969ರ ಸೆಪ್ಟೆಂಬರ್ 2ರಂದು, ವಿಯೆಟ್ನಾಂ ರಾಷ್ಟ್ರೀಯ ದಿನದಂದೇ ತೀರಿಕೊಂಡರೂ, ಸರ್ಕಾರ ಸಾವನ್ನು 3ನೇ ತಾರೀಖಿಗೆ ಹಾಕಿ, ನಿಜವಾದ ದಿನವನ್ನು ಒಪ್ಪಿಕೊಂಡದ್ದು 1989ರಲ್ಲಿ. ಅಂದಿನ ಪತ್ರಿಕೆಯನ್ನು ನಂಬಿ ಪಟ್ಟಿ ಮಾಡಿದವನು ಅಲ್ಲಿಯೂ ಎಡವುತ್ತಾನೆ.

ಸುದ್ದಿ ಸಂಪಾದಕರಿಗೆ ತಿದ್ದುಪಡಿ ತೋರಿಸಿದಾಗ, ಬಾಕ್ಸಿನಲ್ಲಿ 20 ಹಾಗೆಯೇ ಇರಲಿ, ಎಲ್ಲರೂ ಹಾಗೇ ಹಾಕುತ್ತಾರೆ, ನಾಲ್ಕನೇ ಪುಟದಲ್ಲಿ ಎರಡು ಸಾಲು ಸಾಕು ಎಂದರು. ಕರಡು ತಿದ್ದುವ ವಿಭಾಗವನ್ನು ಹಿಂದಿನ ವರ್ಷವೇ ಮುಚ್ಚಿದ್ದರು. ಆ ವಿಭಾಗದ ಹಳಬರು ಇದ್ದಿದ್ದರೆ ಭಾನುವಾರದ ಪಾಟಿಚೀಲವನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟಿರುತ್ತಿದ್ದರು. ಟ್ರೈನಿ ಹುಡುಗಿಗೆ ನಾನೇ ಕಾಫಿ ತಂದುಕೊಟ್ಟು, ನೀನು ಕೇಳಿದ್ದು ಸರಿಯಾಗಿತ್ತು ಎಂದೆ. ಆಕೆ "ಗೊತ್ತಿತ್ತು ಸರ್" ಎಂದು ಕಾಫಿ ಕುಡಿದಳು.

ಹಿರಿಯರು ಇನ್ನು ಬರೆಯಲಾರರು ಎಂದುಕೊಂಡಿದ್ದೆ. ದೀಪಾವಳಿ ಹೊತ್ತಿಗೆ ಅವರಿಂದ ಇನ್ನೊಂದು ಲೇಖನ ಬಂದಿತು. ಮೊದಲ ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು, 'ಭಾನುವಾರ ಶಾಲೆಗೆ ರಜೆ' ಎಂದು ಬರೆದಿದ್ದರು.