ಅಮೃತಬಳ್ಳಿಯೂ ಯಕೃತ್ತಿನ ಜೀವಕೋಶಗಳೂ

ಬೆಳಗಾವಿಯ ಮಾರುಕಟ್ಟೆಯಲ್ಲಿ ಇಂದು ಅಮೃತಬಳ್ಳಿಯ ಕಾಂಡಗಳನ್ನು ಕಂಡಾಗ, ಅದರ ಸೇವನೆಯ ನಂತರ ಯಕೃತ್ತಿಗೆ ಹಾನಿಯಾದ ರೋಗಿಗಳ ಬಗ್ಗೆ 2021ರಲ್ಲಿ ಮುಂಬೈಯ ವೈದ್ಯರು ವರದಿ ಪ್ರಕಟಿಸಿದ್ದೂ, ಅದೇ ಕುಲದ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಿಳಿದಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿದ್ದೂ ನೆನಪಾಯಿತು. ಇಂಥ ವಿವಾದ ಬರಿಯ ಮಾತಿನಿಂದ ತೀರುವುದಿಲ್ಲ. ಮೊದಲು ಗಿಡದ ಗುರುತು ಖಚಿತವಾಗಬೇಕು, ಆಮೇಲೆ ಜೀವಕೋಶಗಳ ಮೇಲೆ ಪರೀಕ್ಷೆ ನಡೆಯಬೇಕು. ಪಾರಂಪರಿಕ ವೈದ್ಯಕೀಯದ ಸಂಶೋಧನೆಗೆಂದೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಸಂಸ್ಥೆ ನಮ್ಮ ಊರಿನಲ್ಲಿರುವಾಗ, ‘ಅಡ್ಡಪರಿಣಾಮವಿಲ್ಲ’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸುವವರು ಈ ಪರೀಕ್ಷೆಯನ್ನಾದರೂ ಮಾಡಿಸಲಿ ಎಂಬುದು ನನ್ನ ಪ್ರಾಮಾಣಿಕ ಬಯಕೆ.

ಈ ಪರೀಕ್ಷೆಯಲ್ಲಿ, 96 ಗುಳಿಗಳ ತಟ್ಟೆಯಲ್ಲಿ ಬೆಳೆಸಿದ ಯಕೃತ್ತಿನ ಕೋಶಗಳಿಗೆ ಸಸ್ಯದ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ನಂತರ ಎಂಟಿಟಿ ಎಂಬ ಹಳದಿ ದ್ರಾವಣವನ್ನು ಸೇರಿಸುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿಸುವುದರಿಂದ, ಬಣ್ಣ ಗಾಢವಾದಷ್ಟೂ ಉಳಿದ ಕೋಶಗಳು ಹೆಚ್ಚು ಎಂದು ಲೆಕ್ಕ. ತಟ್ಟೆಯ ಕೋಶಗಳು ಇಡೀ ದೇಹಕ್ಕೆ ಸಮವಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಿತಿ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಮತ್ತೊಂದಿದೆ: ಅನೇಕ ಸಸ್ಯಸಾರಗಳಲ್ಲಿರುವ ಪಾಲಿಫಿನಾಲ್‌ಗಳೆಂಬ ರಾಸಾಯನಿಕಗಳು ಕೋಶಗಳೇ ಇಲ್ಲದಿದ್ದರೂ ಆ ನೇರಳೆ ಬಣ್ಣವನ್ನು ತರಬಲ್ಲವು. ಆದ್ದರಿಂದ ಕೋಶರಹಿತ ಗುಳಿಯಲ್ಲೂ ಸಾರವನ್ನಿಟ್ಟು ಹೋಲಿಸಿ ನೋಡದ ಫಲಿತಾಂಶವನ್ನು ನಾನು ನಂಬಲಾರೆ.