ಮಾವ ಬರೆದ ಬೋರ್ಡು

ಬದಿಯಡ್ಕ ಪೇಟೆಯ ಹಳೆಯ ಜವಳಿ ಅಂಗಡಿಯೊಂದರ ತಗಡಿನ ಬೋರ್ಡನ್ನು ಕಳೆದ ತಿಂಗಳು ಕೆಳಗಿಳಿಸಿದರು. ಗುಜರಿಗೆ ಕೊಡುವ ಮೊದಲು ಅಂಗಡಿಯವರು ನನಗೆ ಫೋನು ಮಾಡಿದ್ದರಿಂದ ಅದು ಈಗ ನಮ್ಮ ಮನೆಯ ಚಾವಡಿಯಲ್ಲಿದೆ. ಅದನ್ನು ಬರೆದವರು ನನ್ನ ಸೋದರಮಾವ.

ಮಾವ ಸೈನ್ಯದಲ್ಲಿದ್ದುದು ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಈ ಇಂಜಿನಿಯರ್ ದಳದವರು ಸೇತುವೆ ಕಟ್ಟುತ್ತಾರೆ, ದಾರಿ ಮಾಡುತ್ತಾರೆ, ನೆಲಬಾಂಬುಗಳನ್ನು ಹೂಳುತ್ತಾರೆ ಮತ್ತು ತೆಗೆಯುತ್ತಾರೆ. 1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಡಿಸೆಂಬರ್ 15ರ ರಾತ್ರಿ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ನಮ್ಮ ಟ್ಯಾಂಕುಗಳಿಗಾಗಿ ನೆಲಬಾಂಬಿನ ಹೊಲದಲ್ಲಿ ಓಣಿ ತೆರೆಯುವ ಕೆಲಸ ಸ್ಯಾಪರ್‌ಗಳದಾಗಿತ್ತು. ಓಣಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್ ದಳದ ಟ್ಯಾಂಕುಗಳು ಅದರೊಳಗೆ ನುಗ್ಗಿದವು. ಅಲ್ಲಿದ್ದ ಮಾವ ಆ ರಾತ್ರಿಯ ಬಗ್ಗೆ ಹೇಳುತ್ತಿದ್ದುದು ಬಹಳ ಕಡಿಮೆ. ಎಡಗಿವಿ ಕೇಳಿಸದಿರಲು ಕಾರಣ ಅದೇ ಎಂಬುದೂ ನನಗೆ ಅತ್ತೆಯಿಂದ ತಿಳಿದದ್ದು.

ಅವರು ಬಿಡಿಸಿ ಹೇಳುತ್ತಿದ್ದುದು ಯುದ್ಧ ನಿಂತ ಮೇಲಿನ ಕೆಲಸವನ್ನು. ಬಾಂಬು ಉಳಿದಿರುವ ಜಾಗಗಳ ಸುತ್ತ ಮುಳ್ಳುತಂತಿ ಬಿಗಿದು ಕೆಂಪು ತ್ರಿಕೋನದ ಹಲಗೆಗಳನ್ನು ತೂಗಹಾಕಬೇಕಿತ್ತು. ಶಾಲೆಯಲ್ಲಿ ಚಿತ್ರ ಬಿಡಿಸುತ್ತಿದ್ದ ಹುಡುಗನೆಂದು ಕುಂಚ ಇವರ ಕೈಗೆ ಬಂತು. ಕಾಲಿಡುವ ಮೊದಲೇ ಕಣ್ಣಿಗೆ ಬೀಳುವ ಹಾಗೆ ಅಕ್ಷರ ಬರೆಯುವುದನ್ನು ಅವರು ಕಲಿತದ್ದು ಅಲ್ಲಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಊರಿಗೆ ಮರಳಿದ ಮಾವ ಪೇಟೆಯಲ್ಲಿ ಒಂದು ಕೋಣೆ ಹಿಡಿದು, ಬಾಗಿಲ ಮೇಲೆ ‘ಕಮರ್ಶಿಯಲ್ ಆರ್ಟಿಸ್ಟ್’ ಎಂದು ಬರೆದುಕೊಂಡರು. 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಒಂದೇ ತಗಡಿನ ಮೇಲೆ ಕನ್ನಡ, ಮಲಯಾಳ, ಇಂಗ್ಲಿಷು ಮೂರನ್ನೂ ಹೊಂದಿಸಬೇಕು. ಅದಕ್ಕೆ ಸರಿಯಾಗಿ, ಅವರು ಗಡಿಯಲ್ಲಿದ್ದ 1971ರಲ್ಲೇ ಕೇರಳ ಸರಕಾರ ಮಲಯಾಳ ಲಿಪಿಯನ್ನು ಸುಧಾರಿಸಿತ್ತು. ಅಕ್ಷರಕ್ಕೆ ಅಂಟಿಕೊಂಡಿದ್ದ ಉಕಾರ, ಊಕಾರ, ರಕಾರದ ಚಿಹ್ನೆಗಳು ಮುದ್ರಣದ ಅನುಕೂಲಕ್ಕಾಗಿ ಬಿಡಿಯಾಗಿದ್ದವು. ಕನ್ನಡ ಶಾಲೆಯಲ್ಲಿ ಓದಿದ್ದ ಮಾವ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಮಲಯಾಳವನ್ನು ಬರೆದು ಬರೆದು ಕಲಿತರು.

ಕನ್ನಡದ ಕಷ್ಟವೇ ಬೇರೆ. ‘ವಸ್ತ್ರ’ ಎಂದು ಬರೆಯುವಾಗ ತಕಾರ, ರಕಾರಗಳೆರಡೂ ಸಕಾರದ ಕೆಳಗೆ ಇಳಿಯುತ್ತವೆ. ಅಂದಾಜು ತಪ್ಪಿದರೆ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. “ಮೊದಲು ಒತ್ತಿಗೆ ಜಾಗ ಬಿಡು, ಮತ್ತೆ ಅಕ್ಷರ ಬರೆ” ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ! ಸೀಮೆಸುಣ್ಣ ಸವರಿದ ನೂಲನ್ನು ಎಳೆದು ಬಿಟ್ಟು ಗೆರೆ ಹಾಕುವುದು, ಇನಾಮಲ್ ಬಣ್ಣಕ್ಕೆ ಟರ್ಪೆಂಟೈನ್ ಹದವಾಗಿ ಬೆರೆಸುವುದು, ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ತಲೆಕಟ್ಟು ಮುಗಿಸುವುದು, ಇವೆಲ್ಲವನ್ನೂ ನಾನು ಬಣ್ಣದ ಡಬ್ಬ ಹಿಡಿದುಕೊಂಡು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಯಕ್ಷಗಾನ ಮೇಳ ಊರಿಗೆ ಬಂದಾಗ ಬಟ್ಟೆಯ ಬ್ಯಾನರಿಗೆ ಅವರು ಪ್ರಸಂಗದ ಹೆಸರನ್ನು ಮಾತ್ರವಲ್ಲ, ವೇಷದ ಕಿರೀಟವನ್ನೂ ಬರೆಯುತ್ತಿದ್ದರು. ಆ ಕೆಲಸಕ್ಕೆ ಅವರು ಒಮ್ಮೆಯೂ ದುಡ್ಡು ತೆಗೆದುಕೊಂಡವರಲ್ಲ.

ಫ್ಲೆಕ್ಸ್ ಬಂದ ಕೆಲವೇ ವರ್ಷಗಳಲ್ಲಿ ಕೋಣೆ ಮುಚ್ಚಬೇಕಾಯಿತು. 2019ರಲ್ಲಿ ಕೇರಳ ಸರಕಾರ ಪಿವಿಸಿ ಫ್ಲೆಕ್ಸನ್ನು ನಿಷೇಧಿಸಿದಾಗ ಇಬ್ಬರು ಅಂಗಡಿಯವರು ಮಾವನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದ್ದ ಅವರು ತಮ್ಮ ಬಲಗೈಯನ್ನು ಅವರ ಮುಂದೆ ಚಾಚಿ, ಅದು ನಡುಗುವುದನ್ನು ತೋರಿಸಿದರು. ಆಮೇಲೆ ಒಳಗಿನಿಂದ ಕುಂಚಗಳ ಕಟ್ಟನ್ನು ತಂದು ನನ್ನ ಕೈಗಿತ್ತರು.

ಚಾವಡಿಯ ಬೋರ್ಡನ್ನು ನಿನ್ನೆ ಒದ್ದೆಬಟ್ಟೆಯಿಂದ ಒರಸಿದೆ. ‘ವಸ್ತ್ರಾಲಯ’ದ ಒತ್ತುಗಳ ಕೆಳಗೆ, ಅವು ಎಲ್ಲಿಯವರೆಗೆ ಇಳಿಯಬಹುದೆಂದು ಮಾವ ಎಳೆದಿದ್ದ ಪೆನ್ಸಿಲಿನ ಗೆರೆ ಇನ್ನೂ ಕಾಣಿಸುತ್ತದೆ.