ಲೂರ್ ಬದಲಿಸುವ ಮೊದಲು ಗಂಟು ನೋಡಿ

ಗಂಗೊಳ್ಳಿ ಅಳಿವೆಯಲ್ಲಿ ಗಾಳ ಹಾಕಲು ಬರುವವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗುವುದು ನನ್ನ ಕೆಲಸ. ರಾಡು, ರೀಲು, ಲೂರ್ (ಮೀನಿಗೆ ಒಡ್ಡುವ ನಕಲಿ ಎರೆ) ಎಲ್ಲ ಅವರೇ ತರುತ್ತಾರೆ. ಲೀಡರ್, ಅಂದರೆ ರೀಲಿನ ದಾರದ ತುದಿಗೆ ಸೇರಿಸಿ ಲೂರ್ ಕಟ್ಟುವ ತುಂಡು ದಾರ ಮಾತ್ರ ನಮ್ಮದು. ನನಗೂ ದೋಣಿಯ ಮಾಲೀಕರಿಗೂ ತಕರಾರು ಇರುವುದು ಇದರಲ್ಲೇ. ಪ್ರತಿ ಲೀಡರ್ ತುದಿಗೂ ಸ್ನ್ಯಾಪ್ ಸ್ವಿವೆಲ್ (ಲೂರ್ ಸಿಕ್ಕಿಸುವ, ತಿರುಗುವ ಲೋಹದ ಕೊಂಡಿ) ಇರಬೇಕು ಅನ್ನುತ್ತಾರೆ ಅವರು. ಲೂರ್ ಬೇಗ ಬದಲಿಸಬಹುದು, ಗಿರಾಕಿ ಕಾಯಬೇಕಿಲ್ಲ ಅನ್ನುವುದು ಅವರ ಲೆಕ್ಕ. ಈ ಲೀಡರುಗಳನ್ನು ಹಿಂದಿನ ರಾತ್ರಿಯೇ ಯಾರೋ ಗಡಿಬಿಡಿಯಲ್ಲಿ ಕಟ್ಟಿ, ಥರ್ಮಾಕೋಲಿಗೆ ಸುತ್ತಿ ಇಟ್ಟಿರುತ್ತಾರೆ. ಎಲ್ಲ ಒಣ ದಾರವನ್ನೇ ಜಗ್ಗಿ ಬಿಗಿದ ಗಂಟುಗಳು. ಗಂಟಿನ ಪಕ್ಕ ಉಗುರಾಡಿಸಿದರೆ ಲೀಡರಿನ ಫ್ಲೋರೋಕಾರ್ಬನ್ ದಾರ ತರಿತರಿ ಸಿಗುತ್ತದೆ. ಉಜ್ಜಿದ ಬಿಸಿಗೆ ಹಾಳಾದ ದಾರ ಅದು. ದೊಡ್ಡ ಮೀನು ಜಗ್ಗಿದರೆ ಅಲ್ಲೇ ಹೋಗುತ್ತದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬೆಂಗಳೂರಿನ ಒಬ್ಬರು ಬಂದಿದ್ದರು. ಒಳ್ಳೆ ಇಳಿತ. ಕಾಂಡ್ಲಾ ಗಿಡಗಳ ಬುಡದಿಂದ ನೀರು ಹರಿದು ಬರುತ್ತಿತ್ತು, ಅದರ ಜೊತೆ ಸಣ್ಣ ಮೀನುಗಳೂ. ಅವರ ಹತ್ತಿರ ಹೊಸ ಫ್ಲೋಟಿಂಗ್ ಮಿನ್ನೋ (ಸಣ್ಣ ಮೀನಿನಾಕಾರದ ತೇಲುವ ಲೂರ್) ಇತ್ತು. ಎಸೆದರು, ಎಳೆದರು. ಏನೂ ಇಲ್ಲ. ಬಣ್ಣ ಬದಲಿಸಿದರು. ಆಗಲೂ ಇಲ್ಲ. "ಈ ಲೂರೇ ಡೂಪ್ಲಿಕೇಟ್ ಇರ್ಬೇಕು ಅಣ್ಣ," ಅಂದರು.

"ಸ್ವಲ್ಪ ಕೊಡಿ ಸರ್," ಅಂತ ಇಸ್ಕೊಂಡು ದೋಣಿಯ ಪಕ್ಕದಲ್ಲೇ ಒಂದು ಮಾರು ಎಳೆದು ನೋಡಿದೆ. ಮಿನ್ನೋ ಒಂದು ಪಕ್ಕೆಗೆ ವಾಲಿಕೊಂಡು, ಮೂತಿ ಕೆಳಗೆ ಮಾಡಿ ಎಡಕ್ಕೆ ಎಡಕ್ಕೆ ಹೋಗುತ್ತಿತ್ತು. ಮೂತಿಯ ಬಳೆ, ಅಂದರೆ ದಾರ ಕಟ್ಟುವ ಉಂಗುರ ಸೊಟ್ಟ ಆಗಿದೆ ಅಂದುಕೊಂಡೆ. ಅದನ್ನು ಬಗ್ಗಿಸಲು ಇಕ್ಕಳವೂ ಕೈಗೆ ಬಂದಿತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ಸ್ನ್ಯಾಪ್. ಆ ಲೂರಿಗೆ ಅದು ಜಾಸ್ತಿ ದಪ್ಪ. ಭಾರಕ್ಕೆ ಮೂತಿ ಜಗ್ಗುತ್ತಿತ್ತು. ಸಾಲದ್ದಕ್ಕೆ ಅಡ್ಡ ತಿರುಗಿ ಮೂತಿಯಿಂದ ಚಾಚಿದ ಎಲೆಯಂಥ ತುಂಡಿಗೆ ಸಿಕ್ಕಿಕೊಂಡು ಲೂರನ್ನು ಒಂದೇ ಕಡೆಗೆ ಎಳೆಯುತ್ತಿತ್ತು. ಬಳೆ ಸರಿಯಾಗೇ ಇತ್ತು. ಬಗ್ಗಿಸಿದ್ದರೆ ಒಳ್ಳೆ ಲೂರ್ ಕೆಡುತ್ತಿತ್ತು.

ಸ್ನ್ಯಾಪ್ ಕತ್ತರಿಸಿ ಬಿಸಾಕಿದೆ. ಅಷ್ಟರಲ್ಲಿ ಕಾಂಡ್ಲಾ ಬುಡದಲ್ಲಿ ಧಡ್ ಅಂತ ನೀರು ಸಿಡಿಯಿತು. ಮೀನು ಮೇಯಲು ಶುರುವಾಗಿತ್ತು, ನನ್ನ ಕೈಯಲ್ಲಿ ಬರೀ ದಾರ! ಹಿಂದಿನಿಂದ ಮಾಲೀಕರ ಗಲಾಟೆ: "ಹೊತ್ತು ಕಳೀಬೇಡ ಮಾರಾಯ, ಇಳಿತ ನಿಂತ್ರೆ ಮತ್ತೆ ಎಂತ ಮಾಡುದು?" ಇನ್ನೊಂದು ಸಲ ನೀರು ಸಿಡಿಯಿತು. ಗಿರಾಕಿ ನಿಂತೇಬಿಟ್ಟರು. ಇಂಥ ಹೊತ್ತಲ್ಲೇ ಕೈ ಅವಸರ ಮಾಡುತ್ತದೆ. ಮಾಡಬಾರದು.

ನಾನು ಕಟ್ಟಿದ್ದು ಜಾರದ ಲೂಪ್, ಬಳೆಗೆ ಬಿಗಿಯದೆ ಲೂರಿಗೆ ಆಡಲು ಜಾಗ ಬಿಡುವ ಕುಣಿಕೆ. ಲೀಡರಲ್ಲಿ ಮೊದಲು ಒಂದು ಸಾದಾ ಗಂಟು ಸಡಿಲಾಗಿ ಹಾಕಬೇಕು. ತುದಿಯನ್ನು ಲೂರಿನ ಬಳೆಯಲ್ಲಿ ತೂರಿಸಿ, ಆ ಗಂಟಿನೊಳಗೆ ಹೊರಬಂದ ಕಡೆಯಿಂದಲೇ ವಾಪಸ್ ತರಬೇಕು. ಮೂಲ ದಾರಕ್ಕೆ (ಗಂಟಿನ ಮೇಲಿನ ಲೀಡರಿಗೆ) ಸುತ್ತು ಹಾಕಿ, ತುದಿಯನ್ನು ಮತ್ತೆ ಅದೇ ಕಡೆಯಿಂದ ಗಂಟಿನೊಳಗೆ ನುಗ್ಗಿಸಬೇಕು. 30–40 ಪೌಂಡ್ ಎಳೆತ ತಡೆಯುವ ಲೀಡರಿಗೆ 4 ಸುತ್ತು ಸಾಕು. 8–12 ಪೌಂಡ್ ಆದರೆ 5, ದಾರ ಇನ್ನೂ ತೆಳ್ಳಗಿದ್ದರೆ 7. ಬಿಗಿಯುವ ಮೊದಲು ಎಂಜಲಲ್ಲೋ ನೀರಲ್ಲೋ ಚೆನ್ನಾಗಿ ಒದ್ದೆ ಮಾಡಿ. ಮೊದಲು ತುದಿ ಹಿಡಿದು ನಿಧಾನ ಎಳೆದು ಸುತ್ತುಗಳನ್ನು ಕೂರಿಸಿ. ಆಮೇಲೆ ಲೂಪನ್ನೂ ಮೂಲ ದಾರವನ್ನೂ ಎದುರು ಬದುರು ಜಗ್ಗಿ. ಲೂಪ್ ಕಿರುಬೆರಳ ಉಗುರಿನಷ್ಟಿರಲಿ. ದೊಡ್ಡದಾದರೆ ಮುಂದಿನ ಟ್ರೆಬಲ್ (ಮೂರು ಮುಳ್ಳಿನ ಗಾಳ) ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಮತ್ತೆ ದೋಣಿಯ ಪಕ್ಕ ಎಳೆದೆ. ಅದೇ ಮಿನ್ನೋ, ಈಗ ನೆಟ್ಟಗೆ ನಿಂತು ಗಡಗಡ ಅಲ್ಲಾಡುತ್ತಾ ಬಂತು. ಅದನ್ನು ನೋಡುವ ಖುಷಿಯೇ ಬೇರೆ. ಸ್ವಲ್ಪ ಹೊತ್ತಿಗೆ ಕೆಂಬೇರಿ ಹಿಡಿಯಿತು. ಹಿಡಿದದ್ದೇ ಬೇರುಗಳ ಕಡೆ ನುಗ್ಗಿತು. ದಾರ ಸಲೀಸಾಗಿ ಬಿಚ್ಚದ ಹಾಗೆ ರೀಲಿನ ಡ್ರ್ಯಾಗ್ ಬಿಗಿ ಮಾಡಿಸಿದೆ. ನಾನು ನೋಡುತ್ತಿದ್ದದ್ದು ಮೀನನ್ನಲ್ಲ, ದಾರವನ್ನು. ರೀಲಿನ ದಾರಕ್ಕೆ ಲೀಡರ್ ಸೇರಿಸುವ ಎಫ್‌ಜಿ ಗಂಟು ನನ್ನದೇ, ಲೂಪೂ ನನ್ನದೇ. ಎರಡೂ ನಿಂತವು.

ಎಲ್ಲ ಲೂರಿಗೂ ಲೂಪ್ ಬೇಡ. ಕೆಲವಕ್ಕೆ ಮೂತಿಯಲ್ಲಿ ಸ್ಪ್ಲಿಟ್ ರಿಂಗ್ (ಕೀಲಿಕೈ ಗೊಂಚಲಿನಂಥ ಉಂಗುರ) ಇರುತ್ತದೆ. ಅದು ಲೂಪಿನ ಕೆಲಸವನ್ನೇ ಮಾಡುತ್ತದೆ, ಬಿಗಿದು ಕೂರುವ ಕ್ಲಿಂಚ್ ಗಂಟು ಸಾಕು. ಗಂಟು ಮಾತ್ರ ರಿಂಗಿನ ಸೀಳಿನ ಮೇಲೆ ಕೂರಬಾರದು, ಅದರ ಅಂಚು ದಾರ ಕತ್ತರಿಸುತ್ತದೆ. ಗಿರಗಿರ ತಿರುಗುವ ತಗಡಿನ ಸ್ಪಿನ್ನರ್ ಎಳೆಯುವಾಗ ಸ್ವಿವೆಲ್ ಇರಲಿ, ಇಲ್ಲದಿದ್ದರೆ ದಾರ ಹುರಿಗಟ್ಟುತ್ತದೆ. ಅಂಜಲ್ ಹಿಡಿಯಲು ಹೊರಟರೆ ಅದರ ಹಲ್ಲಿಗೆ ವೈರ್ ಬೇಕು. ಆದರೆ ಪೆನ್ಸಿಲ್, ಮಿನ್ನೋ, ಜಿಗ್‌ಹೆಡ್ ಇಂಥ ಲೂರುಗಳಿಗೆ ಗಂಟು ಬಳೆಗೇ ಬಿಗಿದು ಕೂತರೆ ಆಟ ಸತ್ತುಹೋಗುತ್ತದೆ. ಗಂಟು ಪಕ್ಕಕ್ಕೆ ಜಾರಿದರಂತೂ ಲೂರ್ ಸೊಟ್ಟ ಓಡುತ್ತದೆ.

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳುವುದು ಇಷ್ಟು: ಗಿರಾಕಿ ಲೂರ್ ಬಯ್ದರೆ ಮೊದಲು ಪಕ್ಕದಲ್ಲಿ ಎಳೆದು ನೋಡಿ. ಒಂದು ಒಳ್ಳೆ ಮೀನು ಬಂದ ಮೇಲೆ ಲೂಪ್ ನೋಡಿ. ಕಿರಿದಾಗಿದ್ದರೂ, ಮೇಲಿನ ದಾರ ತರಿತರಿ ಆಗಿದ್ದರೂ ಕತ್ತರಿಸಿ ಹೊಸದಾಗಿ ಕಟ್ಟಿ, ಯಾರು ಎಷ್ಟೇ ಕೂಗಲಿ. ಮಾಲೀಕರು ಈಗಲೂ ಸ್ನ್ಯಾಪ್‌ಗಳನ್ನು ಡಬ್ಬಿಗಟ್ಟಲೆ ತರಿಸುತ್ತಾರೆ. ನಾನು ಕೇಳುತ್ತಿರುವುದು ದೋಣಿ ಬಿಡುವ ಮೊದಲು ಜೆಟ್ಟಿಯಲ್ಲಿ ಕಾಲು ಗಂಟೆ, ಲೀಡರ್ ನಾವೇ ಕಟ್ಟಿಕೊಳ್ಳಲು. ಅದು ಇನ್ನೂ ಸಿಕ್ಕಿಲ್ಲ.